ವಿಎಂ ಪಟ್ಟಿ ಕೊಡುವ ಎಪಿಐ: ಮೊದಲು ಪ್ರಶ್ನೆ ಬರೆದುಕೊಳ್ಳಿ, ಕೋಡ್ ಆಮೇಲೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ನಾನು ಮುಂಚೆ ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ಆರು ಸರ್ವರ್ (ನಾವು ಹೋಸ್ಟ್ ಅನ್ನುತ್ತಿದ್ದೆವು) ಇದ್ದವು. ಅವುಗಳ ಮೇಲೆ ನೂರು ಚಿಲ್ಲರೆ ವಿಎಂ, ಅಂದರೆ ಸರ್ವರಿನೊಳಗೆ ಓಡುವ ವರ್ಚುವಲ್ ಮೆಷಿನ್. ಒಂದು ದಿನ ಮ್ಯಾನೇಜರ್ ಬಂದು "ಒಟ್ಟು ಎಷ್ಟು ವಿಎಂ ಓಡ್ತಾ ಇವೆ?" ಅಂತ ಕೇಳಿದರು. ನಾವು ಮೂವರು ಮೂರು ಉತ್ತರ ಕೊಟ್ಟೆವು: 112, 104, 97. ತಮಾಷೆ ಏನೆಂದರೆ ಯಾರೂ ಎಣಿಸೋದರಲ್ಲಿ ತಪ್ಪು ಮಾಡಿರಲಿಲ್ಲ. ಒಬ್ಬ ಆಫ್ ಆಗಿರುವುದನ್ನೂ ಸೇರಿಸಿದ್ದ, ಇನ್ನೊಬ್ಬಳು ಪಾಝ್ ಮಾಡಿ (ತಾತ್ಕಾಲಿಕವಾಗಿ ತಡೆದು) ಇಟ್ಟಿದ್ದನ್ನು ಓಡುತ್ತಿದೆ ಅಂತ ಲೆಕ್ಕ ಹಿಡಿದಿದ್ದಳು, ನಾನು ಹಿಡಿದಿರಲಿಲ್ಲ.

ಆ ಮೂರು ನಂಬರಿನಿಂದಲೇ ನಮ್ಮದೇ ಒಂದು ಸಣ್ಣ ಎಪಿಐ (ಬೇರೆ ಪ್ರೋಗ್ರಾಂಗಳು ಕೇಳಿದ್ದಕ್ಕೆ ಉತ್ತರ ಕೊಡುವ ಬಾಗಿಲು) ಬರೆಯುವ ಕೆಲಸ ಶುರುವಾಯಿತು. ನಾನು ಅಂದುಕೊಂಡಿದ್ದು ಎರಡು ದಿನದ ಕೆಲಸ ಅಂತ. ಡೇಟಾಬೇಸಿನಲ್ಲಿ ಒಂದು ಟೇಬಲ್, ಅದನ್ನು ಜೇಸನ್ (ಪ್ರೋಗ್ರಾಂಗಳು ಓದುವ ಪಠ್ಯ ರೂಪ) ಮಾಡಿ ಕಳಿಸಿದರೆ ಆಯಿತು, ಅಷ್ಟೇ ಅಲ್ವಾ? ಅಲ್ಲ. ಸುಮ್ನೆ ಪಟ್ಟಿ ನೋಡೋಣ ಅಂತ ಯಾರೂ ಪಟ್ಟಿ ಕೇಳುವುದಿಲ್ಲ, ಕೇಳುವವರ ಮನಸ್ಸಿನಲ್ಲಿ ಬೇರೆ ಏನೋ ಪ್ರಶ್ನೆ ಇರುತ್ತದೆ. ಅದನ್ನು ಹಿಡಿಯದೆ ಬರೆದ ನಮ್ಮ ಮೊದಲ ಎಪಿಐ ಒಂದು ರಾತ್ರಿ ನಮ್ಮ ಹೊಟ್ಟೆಗೇ ಕಲ್ಲು ಹಾಕುವುದರಲ್ಲಿತ್ತು. ಆ ಕತೆ ಮುಂದೆ ಹೇಳುತ್ತೇನೆ.

ಮೊದಲ ಕೆಲಸ: ಒಂದು ಹಾಳೆ ತಗೊಂಡು ಯಾರು ಏನು ಕೇಳುತ್ತಾರೆ ಅಂತ ಬರೆಯಿರಿ. ಅವರು ಹೇಳಿದ ಮಾತಿನಲ್ಲೇ ಬರೆಯಿರಿ. ನಮ್ಮ ಹಾಳೆಯಲ್ಲಿ ಇದ್ದದ್ದು ಹೀಗೆ. "ಆರನೇ ಹೋಸ್ಟಿಗೆ ರ‍್ಯಾಮ್ ಹಾಕಬೇಕು, ಅದರ ಮೇಲೆ ಯಾವ ಯಾವ ವಿಎಂ ಇವೆ, ಯಾರಿಗೆ ಫೋನ್ ಮಾಡಬೇಕು?" "ನನ್ನ ಟೆಸ್ಟ್ ಮೆಷಿನ್ ಎಲ್ಲಿ ಹೋಯಿತು?" "ಮೂರು ತಿಂಗಳಿಂದ ಆಫ್ ಆಗಿ ಬಿದ್ದಿರೋದು ಯಾವುದು?" "ನಿನ್ನೆಯಿಂದ ಈಚೆಗೆ ಏನೇನು ಬದಲಾಯಿತು?" ಕೊನೆಯದು ಬ್ಯಾಕಪ್ ಸ್ಕ್ರಿಪ್ಟಿನ ಪ್ರಶ್ನೆ. ಅದು ಮನುಷ್ಯರ ಹಾಗೆ ಅನುಮಾನ ಪಡುವುದಿಲ್ಲ, ಕೊಟ್ಟ ಉತ್ತರವನ್ನು ಹಾಗೇ ನಂಬುತ್ತದೆ. ಅದಕ್ಕೇ ಅದರ ಬಗ್ಗೆ ಜಾಸ್ತಿ ಯೋಚಿಸಬೇಕು.

ಈ ಹಾಳೆ ಮಾಡಿದರೆ ಯಾವ ಫಿಲ್ಟರ್ ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ: ಹೋಸ್ಟ್, ಮಾಲೀಕರು, ಸ್ಥಿತಿ, ಲೇಬಲ್, ಬದಲಾದ ಸಮಯ. ಐದೇ. ಸಿಪಿಯು ಸಂಖ್ಯೆ ಮೇಲೆ ಫಿಲ್ಟರ್ ಬೇಕು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ, ನಾವೂ ಮಾಡಲಿಲ್ಲ.

ಒಂದು ಸಲ ಕೇಳಿದರೆ ಪೂರ್ತಿ ಬರಬೇಕು

ಲಿಬ್‌ವರ್ಟ್ (ವಿಎಂಗಳನ್ನು ನಡೆಸುವ ಲೈಬ್ರರಿ) ಬಳಸಿದವರಿಗೆ ಈ ಕತೆ ಗೊತ್ತಿರುತ್ತದೆ. ಹಳೆಯ ಕಾಲದಲ್ಲಿ ಅದರಲ್ಲಿ ಪೂರ್ತಿ ಪಟ್ಟಿ ಬೇಕೆಂದರೆ ನಾಲ್ಕು ಕರೆ ಮಾಡಬೇಕಿತ್ತು. ಓಡುತ್ತಿರುವವು ಎಷ್ಟು ಅಂತ ಒಂದು, ಅವುಗಳ ಐಡಿ ಕೊಡು ಅಂತ ಇನ್ನೊಂದು. ಆಫ್ ಆಗಿರುವವು ಎಷ್ಟು ಅಂತ ಮತ್ತೊಂದು, ಅವುಗಳ ಹೆಸರು ಕೊಡು ಅಂತ ಮಗದೊಂದು. ಒಂದು ಕಡೆ ಐಡಿ, ಇನ್ನೊಂದು ಕಡೆ ಹೆಸರು, ನೋಡಿ ಮಜಾ. ಆಮೇಲೆ ಒಂದೊಂದನ್ನೂ ಬೇರೆ ಬೇರೆಯಾಗಿ ಹುಡುಕಿ ತರಬೇಕು. ಈ ಕರೆಗಳ ಮಧ್ಯೆ ಒಂದು ವಿಎಂ ಸ್ಟಾರ್ಟ್ ಆಯಿತು ಅಂದುಕೊಳ್ಳಿ. ಓಡುವವುಗಳ ಪಟ್ಟಿ ತೆಗೆದಾಗ ಅದು ಆಫ್ ಇತ್ತು, ಆಫ್ ಪಟ್ಟಿ ತೆಗೆಯುವ ಹೊತ್ತಿಗೆ ಆನ್ ಆಗಿದೆ. ಎರಡು ಪಟ್ಟಿಯಲ್ಲೂ ಇಲ್ಲ! ಮೆಷಿನ್ ಕಣ್ಣ ಮುಂದೆ ಓಡುತ್ತಿದೆ, ಲೆಕ್ಕದಲ್ಲಿ ಮಾತ್ರ ಮಾಯ.

2012ರಲ್ಲಿ 0.9.13 ಆವೃತ್ತಿಯಲ್ಲಿ ವಿರ್‌ಕನೆಕ್ಟ್‌ಲಿಸ್ಟ್‌ಆಲ್‌ಡೊಮೇನ್ಸ್ ಅನ್ನುವ ಕರೆ ಬಂದು ಈ ಗೋಳು ಮುಗಿಯಿತು. ಒಂದೇ ಕರೆ, ಎಲ್ಲ ವಿಎಂಗಳೂ ಬರುತ್ತವೆ, ಬೇಕಿದ್ದರೆ ಫ್ಲಾಗ್ ಕೊಟ್ಟು ಸೋಸಬಹುದು. ಫ್ಲಾಗುಗಳನ್ನು ಗುಂಪು ಮಾಡಿರುವ ರೀತಿ ನನಗೆ ತುಂಬ ಹಿಡಿಸಿತು. ಒಂದೇ ಗುಂಪಿನ ಎರಡು ಫ್ಲಾಗ್ ಕೊಟ್ಟರೆ 'ಅಥವಾ', ಬೇರೆ ಬೇರೆ ಗುಂಪಿನವು ಕೊಟ್ಟರೆ 'ಮತ್ತು'. ಅಮೆಜಾನಿನ ಇಸಿ2 (ಬಾಡಿಗೆ ವಿಎಂ ಸೇವೆ) ಫಿಲ್ಟರ್‌ಗಳೂ ಹೀಗೇ ನಡೆಯುತ್ತವೆ. ಜನ ಮಾತಾಡುವುದೂ ಹೀಗೇ ಅಲ್ವಾ? "ಎರಡನೇ ಹೋಸ್ಟು ಮೂರನೇ ಹೋಸ್ಟಿನಲ್ಲಿ ಆಫ್ ಆಗಿರೋದು ಕೊಡು" ಅಂದರೆ ಹೋಸ್ಟ್‌ಗಳ ಮಧ್ಯೆ ಅಥವಾ, ಹೋಸ್ಟ್ ಮತ್ತು ಸ್ಥಿತಿಯ ಮಧ್ಯೆ ಮತ್ತು. ಇಷ್ಟರಲ್ಲಿ ನೂರಕ್ಕೆ ತೊಂಬತ್ತು ಕೆಲಸ ಮುಗಿಯುತ್ತದೆ. ಬ್ರ್ಯಾಕೆಟ್, ನಾಟ್, ರೆಗೆಕ್ಸ್ ಎಲ್ಲ ಇರುವ ಸ್ವಂತ ಕ್ವೆರಿ ಭಾಷೆ ಕಟ್ಟುವ ಆಸೆ ಬರುತ್ತದೆ, ನನಗೂ ಬಂದಿತ್ತು. ತಡೆದುಕೊಳ್ಳಿ. ಒಮ್ಮೆ ಕೊಟ್ಟರೆ ವಾಪಸ್ ಕಿತ್ತುಕೊಳ್ಳಲು ಆಗುವುದಿಲ್ಲ.

ಡೀಫಾಲ್ಟ್ ಏನು ಅನ್ನುವುದನ್ನೂ ಇಲ್ಲೇ ತೀರ್ಮಾನಿಸಿ. ಫಿಲ್ಟರ್ ಕೊಡದಿದ್ದರೆ ಎಲ್ಲವೂ ಬರಬೇಕು ಅನ್ನುವುದು ನನ್ನ ಮಾತು. ಲಿಬ್‌ವರ್ಟಿನ ವರ್ಶ್ ಕಮಾಂಡಿನಲ್ಲಿ ಬರೀ ಲಿಸ್ಟ್ ಅಂತ ಹೊಡೆದರೆ ಓಡುತ್ತಿರುವವು ಮಾತ್ರ ಕಾಣುತ್ತವೆ, ಎಲ್ಲ ಬೇಕಾದರೆ ಆಲ್ ಅಂತ ಸೇರಿಸಬೇಕು. ಟರ್ಮಿನಲ್ ಮುಂದೆ ಕೂತ ಮನುಷ್ಯನಿಗೆ ಅದು ಸರಿ. ಎಪಿಐಗೆ ಸರಿಯಲ್ಲ. ನಮ್ಮ ಮೂರು ಉತ್ತರದಲ್ಲಿ ಒಂದು ಹುಟ್ಟಿದ್ದೇ ಅಲ್ಲಿ.

ಗುರುತು, ಸ್ಥಿತಿ, ಸಮಯ

ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಮಂಜಾ" ಅಂತ ಕೂಗಿ ನೋಡಿ, ನಾಲ್ಕು ಜನ ತಿರುಗುತ್ತಾರೆ. ವಿಎಂ ಹೆಸರೂ ಅಷ್ಟೇ. ನಮ್ಮಲ್ಲಿ ಟೆಸ್ಟ್ ಅನ್ನುವ ಹೆಸರಿನವು ಮೂರು ಹೋಸ್ಟಿನಲ್ಲಿ ಮೂರು ಇದ್ದವು. ಹೆಸರು ಜನರಿಗೆ ಇರಲಿ, ಮೆಷಿನ್ನಿಗೆ ಯುಯುಐಡಿ (ಇನ್ನೊಂದಕ್ಕೆ ಬರದಂಥ ಉದ್ದನೆಯ ಗುರುತು) ಕೊಡಿ. ಲಿಬ್‌ವರ್ಟಿನ ಅಂಕಿ ಐಡಿಯನ್ನು ಮಾತ್ರ ನಂಬಬೇಡಿ. ಅದು ಓಡುತ್ತಿರುವಾಗ ಮಾತ್ರ ಇರುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಬೇರೆ ನಂಬರ್ ಬರುತ್ತದೆ. ಹೊಸದಾಗಿ ಶುರು ಮಾಡುವವರು ಯುಯುಐಡಿ ಏಳನೇ ಆವೃತ್ತಿ ತಗೊಳ್ಳಿ. 2024ರಲ್ಲಿ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 9562ರಲ್ಲಿ ಅದನ್ನು ಅಧಿಕೃತ ಮಾಡಿದರು. ಅದರ ತಲೆಯಲ್ಲೇ ಸಮಯ ಇರುವುದರಿಂದ ಹುಟ್ಟಿದ ಕ್ರಮದಲ್ಲಿ ಜೋಡಿಸುವುದು ಸುಲಭ.

ಇನ್ನು ಸ್ಥಿತಿ. ನಾವು ಮೊದಲು ಒಂದೇ ಫೀಲ್ಡ್ ಇಟ್ಟಿದ್ದೆವು, ಅದು ತಪ್ಪು. ಎರಡು ಬೇಕು: ನಾವು ಹೇಗಿರಲಿ ಅಂದಿದ್ದೇವೆ, ಈಗ ಹೇಗಿದೆ. ಜೊತೆಗೆ ಕಾರಣ. ಲಿಬ್‌ವರ್ಟ್ ಸ್ಥಿತಿ ಕೇಳಿದರೆ ಕಾರಣವನ್ನೂ ಬೇರೆಯಾಗಿ ಕೊಡುತ್ತದೆ. ಆಫ್ ಆಗಿದೆ ಅಂದರೆ ಒಳಗಿನವರು ನೆಟ್ಟಗೆ ಶಟ್‌ಡೌನ್ ಮಾಡಿದರಾ, ಹೊರಗಿನಿಂದ ಯಾರಾದರೂ ಕತ್ತು ಹಿಸುಕಿದರಾ, ಕ್ರ್ಯಾಶ್ ಆಯಿತಾ, ಬೇರೆ ಹೋಸ್ಟಿಗೆ ಹೋಯಿತಾ ಅಂತ. ರಾತ್ರಿ ಎರಡು ಗಂಟೆಗೆ ಎದ್ದು ನೋಡುವವನಿಗೆ ಆಫ್ ಅನ್ನುವ ಪದಕ್ಕಿಂತ ಈ ಕಾರಣವೇ ಮುಖ್ಯ.

ಸಮಯದ ವಿಷಯ ಇದಕ್ಕಿಂತ ದೊಡ್ಡದು. ನಮ್ಮ ಕಡೆಯವರಿಗೆ ಕೆಆರ್‌ಎಸ್ ಅಣೆಕಟ್ಟಿನ ಉದಾಹರಣೆ ಸಾಕು. ಗರಿಷ್ಠ ಮಟ್ಟ 124.80 ಅಡಿ ಅಂತ ಮಂಡ್ಯದ ಚಿಕ್ಕ ಹುಡುಗನಿಗೂ ಗೊತ್ತು. ಮಳೆಗಾಲದಲ್ಲಿ ಯಾರಾದರೂ "118 ಅಡಿ ಬಂದಿದೆ" ಅಂದರೆ ಪಕ್ಕದವರು ತಕ್ಷಣ ಕೇಳುವುದು "ಯಾವಾಗಿನ ಲೆಕ್ಕ ಅದು, ಬೆಳಿಗ್ಗೇದಾ?" ಅಂತ. ಒಳಹರಿವು ಜೋರಿದ್ದ ದಿನ ಬೆಳಗಿನ ಅಂಕಿ ಸಂಜೆಗೆ ಹಳೇದು. ವಿಎಂ ಸ್ಥಿತಿಯೂ ಹಾಗೇ. ಓಡುತ್ತಿದೆ ಅಂತ ಹೇಳಿದರೆ ಸಾಲದು, ಯಾವಾಗ ನೋಡಿದಾಗ ಓಡುತ್ತಿತ್ತು ಅಂತಲೂ ಹೇಳಬೇಕು. ಟೈಮ್‌ಝೋನ್ ಇಲ್ಲದ ಸಮಯವನ್ನಂತೂ ಬರೆಯಲೇಬೇಡಿ.

ಒಂದು ಉತ್ತರ ಹೇಗಿರಬೇಕು ಅಂತ ತೋರಿಸುತ್ತೇನೆ. ನಿಜವಾದ ಕೋಡಿನಲ್ಲಿ ಫೀಲ್ಡ್ ಹೆಸರು ಇಂಗ್ಲಿಷಿನಲ್ಲೇ ಇರುತ್ತವೆ, ಇಲ್ಲಿ ಓದಲು ಸಲೀಸಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ.

```
ಗೆಟ್ /ವಿ1/ವಿಎಂಗಳು?ಹೋಸ್ಟ್=ಎಚ್5,ಎಚ್6&ಮಿತಿ=50

{
  "ವಿಎಂಗಳು": [
    {
      "ಗುರುತು": "0190ಸಿ2ಎ7-...",
      "ಹೆಸರು": "ಬಿಲ್ಲಿಂಗ್-ಟೆಸ್ಟ್",
      "ಹೋಸ್ಟ್": "ಎಚ್6",
      "ಬೇಕಾದ_ಸ್ಥಿತಿ": "ಓಡುತ್ತಿದೆ",
      "ಕಂಡ_ಸ್ಥಿತಿ": "ಗೊತ್ತಿಲ್ಲ",
      "ಕಾರಣ": "ಹೋಸ್ಟ್_ಸಿಗುತ್ತಿಲ್ಲ",
      "ಕೊನೆಗೆ_ಕಂಡದ್ದು": "02:14:09+05:30"
    }
  ],
  "ಮುಂದಿನ_ಟೋಕನ್": "...",
  "ಸಿಗದ_ಹೋಸ್ಟ್‌ಗಳು": ["ಎಚ್6"]
}
```

ಜಾಗ ಉಳಿಸಲು ಸಮಯದಲ್ಲಿ ತಾರೀಖು ಬಿಟ್ಟಿದ್ದೇನೆ, ನೀವು ಬಿಡಬೇಡಿ.

ಗೊತ್ತಿಲ್ಲ ಅಂತ ಹೇಳಲು ನಾಚಿಕೆ ಬೇಡ

ಮೇಲಿನ ಉತ್ತರದ ಕೊನೆಯ ಸಾಲು ನೋಡಿದಿರಲ್ಲ, ಸಿಗದ ಹೋಸ್ಟ್‌ಗಳು. ಅದು ನಮ್ಮ ಮೊದಲ ಆವೃತ್ತಿಯಲ್ಲಿ ಇರಲಿಲ್ಲ. ಆರು ಹೋಸ್ಟಿಗೆ ಒಂದು ಲೂಪ್, ಯಾವುದಾದರೂ ಎರರ್ ಕೊಟ್ಟರೆ ಲಾಗಿನಲ್ಲಿ ಬರೆದು ಮುಂದಕ್ಕೆ ಹೋಗು, ಸಿಕ್ಕಿದ್ದನ್ನು ಸೇರಿಸಿ 200 ಓಕೆ (ಎಲ್ಲ ಸರಿ ಅನ್ನುವ ಕೋಡ್) ಅಂತ ಕಳಿಸು. ಇದನ್ನು ಬರೆದವನು ನಾನೇ.

ಒಂದು ಮಳೆಗಾಲದ ರಾತ್ರಿ ಕರೆಂಟ್ ಹೋಯಿತು, ಒಂದು ಯುಪಿಎಸ್ ಕೈಕೊಟ್ಟಿತು, ಆರನೇ ಹೋಸ್ಟ್ ಮಲಗಿತು. ಅದರ ಮೇಲಿದ್ದ 18 ವಿಎಂ ಪಟ್ಟಿಯಿಂದ ಬಿಟ್ಟುಹೋದವು. 112 ಇದ್ದದ್ದು 94. ಉತ್ತರ ಮಾತ್ರ ಹಲ್ಲು ಕಿರಿಯುತ್ತಾ 200 ಓಕೆ. ಮೂರು ಗಂಟೆಗೆ ಕ್ಲೀನಪ್ ಸ್ಕ್ರಿಪ್ಟ್ ಎದ್ದಿತು. ಅದರ ಕೆಲಸ ಸರಳ: ಸ್ಟೋರೇಜಿನಲ್ಲಿ ಡಿಸ್ಕ್ ಫೈಲ್ ಇದೆ, ಪಟ್ಟಿಯಲ್ಲಿ ಅದರ ವಿಎಂ ಇಲ್ಲ ಅಂದರೆ ಅನಾಥ, ಎತ್ತಿ ಎಸೆ. ಬೆಳಿಗ್ಗೆ ಬಂದು ನೋಡಿದರೆ 18 ಡಿಸ್ಕೂ ಜಾಗದಲ್ಲಿಲ್ಲ. ನನ್ನ ಪುಣ್ಯ, ಆ ಸ್ಕ್ರಿಪ್ಟ್ ಬರೆದ ಸಹೋದ್ಯೋಗಿ ಸ್ವಲ್ಪ ಅಂಜುಬುರುಕ. ಡಿಲೀಟ್ ಬದಲು ಬೇರೆ ಫೋಲ್ಡರಿಗೆ ಮೂವ್ ಮಾಡಿಸಿದ್ದ. ಅವತ್ತು ಅವನಿಗೆ ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ.

ಇಲ್ಲ ಅನ್ನುವುದು ಬೇರೆ, ಕೇಳಲು ಆಗಲಿಲ್ಲ ಅನ್ನುವುದು ಬೇರೆ. ಇವೆರಡನ್ನೂ ಒಂದೇ ಖಾಲಿ ಜಾಗದಲ್ಲಿ ತೋರಿಸುವ ಎಪಿಐಯನ್ನು ನಂಬಿ ಏನನ್ನೂ ಅಳಿಸಬಾರದು. ದೊಡ್ಡವರೂ ಈ ಪಾಠ ಕಲಿತೇ ಬಂದಿದ್ದಾರೆ. ಓಪನ್‌ಸ್ಟ್ಯಾಕ್ ನೋವಾದಲ್ಲಿ (ಕ್ಲೌಡ್‌ನಲ್ಲಿ ವಿಎಂಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಎಪಿಐಯ 2.69 ಮೈಕ್ರೋವರ್ಶನ್‌ನಿಂದ ಒಂದು ಸೆಲ್ (ಹೋಸ್ಟ್‌ಗಳ ಗುಂಪು) ಬಿದ್ದುಹೋಗಿದ್ದರೂ ಅದರಲ್ಲಿರುವ ಸರ್ವರ್‌ಗಳು ಪಟ್ಟಿಯಲ್ಲಿ ಬರುತ್ತವೆ. ಪೂರ್ತಿ ವಿವರ ಇರುವುದಿಲ್ಲ, ಸ್ಥಿತಿ ಅನ್‌ನೋನ್ ಅಂತ ಇರುತ್ತದೆ. ಗೂಗಲ್ ಕಂಪ್ಯೂಟ್ ಎಂಜಿನ್ ಪಟ್ಟಿಯ ಉತ್ತರದಲ್ಲೂ ಅನ್‌ರೀಚಬಲ್ಸ್ ಅಂತ ಒಂದು ಫೀಲ್ಡ್ ಇದೆ.

ಇದನ್ನು ಮಾಡಬೇಕಾದರೆ ಹೋಸ್ಟ್ ಹೇಳಿದ್ದನ್ನು ನಿಮ್ಮ ಕಡೆ ಬರೆದಿಟ್ಟುಕೊಂಡಿರಬೇಕು. ಹೋಸ್ಟ್‌ಗಳನ್ನು ಒಂದು ಹಿನ್ನೆಲೆ ಪ್ರೋಗ್ರಾಂ ಆಗಾಗ ಮಾತಾಡಿಸಿ ಡೇಟಾಬೇಸಿಗೆ ಬರೆಯಲಿ, ಪಟ್ಟಿಯ ಕರೆ ಡೇಟಾಬೇಸನ್ನು ಮಾತ್ರ ನೋಡಲಿ. ಯಾರೋ ಪಟ್ಟಿ ಕೇಳಿದಾಗ ಆರು ಹೋಸ್ಟ್ ಸುತ್ತಲು ಹೋದರೆ ಎಲ್ಲಕ್ಕಿಂತ ನಿಧಾನದ ಹೋಸ್ಟಿನ ವೇಗವೇ ನಿಮ್ಮ ವೇಗ. ವಿಎಂ ಒಳಗಿನ ಏಜೆಂಟನ್ನು ಪಟ್ಟಿಗೋಸ್ಕರ ಕೇಳುವುದಂತೂ ಬೇಡವೇ ಬೇಡ, ಒಂದು ಹ್ಯಾಂಗ್ ಆದ ವಿಎಂ ಇಡೀ ಪಟ್ಟಿಯನ್ನು ಕಾಯಿಸುತ್ತದೆ.

ಒಂದು ಸೂಕ್ಷ್ಮ ಇದೆ. ಓಡುತ್ತಿರುವವು ಮಾತ್ರ ಕೊಡು ಅಂತ ಫಿಲ್ಟರ್ ಹಾಕಿದಾಗ ಗೊತ್ತಿಲ್ಲ ಸ್ಥಿತಿಯವು ಬರಬೇಕಾ? ಬರಬಾರದು ಅಂತ ನಾವು ತೀರ್ಮಾನಿಸಿದೆವು. ಸಿಗದ ಹೋಸ್ಟ್‌ಗಳ ಸಾಲು ಮಾತ್ರ ಯಾವ ಫಿಲ್ಟರ್ ಹಾಕಿದರೂ ಬಂದೇ ಬರುತ್ತದೆ.

ಪೇಜು: ಮೆಟ್ಟಿಲು ಎಣಿಸಬೇಡಿ, ನಂದಿ ನೋಡಿ

ಆಫ್‌ಸೆಟ್ 100, ಲಿಮಿಟ್ 50 (ಮೊದಲ 100 ಬಿಟ್ಟು ಮುಂದಿನ 50 ಕೊಡು) ಅಂತ ಬರೆಯುವುದು ಎಲ್ಲರಿಗೂ ಅಭ್ಯಾಸ. ಇದರಲ್ಲಿ ಎರಡು ತೊಂದರೆ ಇದೆ. ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲಿ ಹತ್ತುತ್ತಿದ್ದೀರಿ, ಸುಸ್ತಾಗಿ ಕೂತು, ಹಿಂದೆ ಬರುತ್ತಿರುವ ಗೆಳೆಯನಿಗೆ ಫೋನ್ ಮಾಡಿ "840ನೇ ಮೆಟ್ಟಿಲ ಹತ್ತಿರ ಬಾ" ಅಂದಿರಿ. ಅವನು ಕೆಳಗಿನಿಂದ ಒಂದೊಂದೇ ಎಣಿಸುತ್ತಾ ಬರಬೇಕು. ಡೇಟಾಬೇಸೂ ಆಫ್‌ಸೆಟ್‌ಗೆ ಅದನ್ನೇ ಮಾಡುತ್ತದೆ, ಬೇಡದ ಸಾಲುಗಳನ್ನೆಲ್ಲ ದಾಟಿಕೊಂಡೇ ಬರುತ್ತದೆ. ಅಷ್ಟರಲ್ಲಿ ಕೆಳಗೆ ಯಾರೋ ಎರಡು ಮೆಟ್ಟಿಲು ಕಿತ್ತರೆ ಅವನ 840, ನಿಮ್ಮ 840 ಬೇರೆ ಬೇರೆ. ವಿಎಂ ಪಟ್ಟಿಯಲ್ಲಿ ಇದರ ಅರ್ಥ ಏನೆಂದರೆ ಮೊದಲ ಪೇಜಿನ ಎರಡು ವಿಎಂ ಡಿಲೀಟ್ ಆದರೆ ಮೂರನೇ ಪೇಜಿಗೆ ಹೋಗುವಾಗ ಎರಡು ವಿಎಂ ಕಣ್ಣಿಗೇ ಬೀಳದೆ ಜಾರಿಹೋಗುತ್ತವೆ. "ನಂದಿ ದಾಟಿ ಸ್ವಲ್ಪ ಮೇಲೆ ಇದ್ದೀನಿ" ಅಂತ ಹೇಳಿದ್ದರೆ? ಕೆಳಗೆ ಏನೇ ಆಗಲಿ, ನಂದಿ ಇದ್ದಲ್ಲೇ ಇರುತ್ತದೆ.

ಕೋಡಿನಲ್ಲಿ ನಂದಿ ಅಂದರೆ ಬದಲಾಗದ ಒಂದು ಜೋಡಿ: ಹುಟ್ಟಿದ ಸಮಯ ಮತ್ತು ಗುರುತು. ಹಿಂದಿನ ಪೇಜಿನ ಕೊನೆಯ ಜೋಡಿಗಿಂತ ದೊಡ್ಡದಿರುವ ಮೊದಲ 50 ಕೊಡು ಅಂತ ಕೇಳಿ. ನಿಜಕ್ಕೂ 51 ಕೇಳಿ, 51ನೆಯದು ಸಿಕ್ಕಿದರೆ ಮುಂದೆ ಇನ್ನೂ ಇದೆ ಅಂತ ಅರ್ಥ, ಅದನ್ನು ಬಿಟ್ಟು 50 ಕಳಿಸಿ. ಹೆಸರಿನ ಪ್ರಕಾರ ಪೇಜ್ ಮಾಡಬೇಡಿ, ಮಧ್ಯದಲ್ಲಿ ಯಾರಾದರೂ ಹೆಸರು ಬದಲಿಸಿದರೆ ಅದೇ ತೊಂದರೆ ಹಿಂಬಾಗಿಲಿಂದ ಬರುತ್ತದೆ. ಕೊನೆಯ ವಿಎಂನ ಗುರುತು ಮಾತ್ರ ಟೋಕನ್ನಿನಲ್ಲಿಟ್ಟು (ಟೋಕನ್ ಅಂದರೆ ಮುಂದಿನ ಪೇಜ್ ಕೇಳಲು ನಾವು ಕೊಡುವ ಚೀಟಿ), ಪ್ರತಿ ಸಲ ಅದರ ಸಾಲನ್ನು ಹುಡುಕಿ ಮುಂದುವರಿಯುವ ಪದ್ಧತಿಯೂ ಇದೆ. ಅಷ್ಟರಲ್ಲಿ ಆ ವಿಎಂ ಡಿಲೀಟ್ ಆಗಿದ್ದರೆ ಏನು ಮಾಡುತ್ತೀರಿ? ಅದಕ್ಕೇ ಜೋಡಿಯನ್ನೇ ಟೋಕನ್ನಿನೊಳಗೆ ಇಡಿ, ಜೊತೆಗೆ ಯಾವ ಫಿಲ್ಟರಿಗೆ ಸೇರಿದ್ದು ಅಂತಲೂ. ಫಿಲ್ಟರ್ ಬದಲಿಸಿ ಹಳೆ ಟೋಕನ್ ತಂದರೆ 400 (ಕೇಳಿದ್ದೇ ತಪ್ಪು ಅನ್ನುವ ಕೋಡ್). ಟೋಕನ್ ಒಳಗೆ ಏನಿದೆ ಅಂತ ಬಳಸುವವರಿಗೆ ಹೇಳಬೇಡಿ, ಹೇಳಿದರೆ ನಾಳೆ ಅದನ್ನು ಅವರೇ ತಯಾರಿಸಲು ಶುರು ಮಾಡುತ್ತಾರೆ.

ಕೊನೆಯ ಪೇಜ್ ಅಂದರೆ ಟೋಕನ್ ಇಲ್ಲದ ಪೇಜ್. ಖಾಲಿ ಪೇಜ್ ಅಲ್ಲ. ಇದನ್ನು ದಾಖಲೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಮಿತಿಗೆ ಒಂದು ಮೇಲ್ಮಿತಿಯೂ ಇರಲಿ. ಇಸಿ2ನಲ್ಲಿ ಒಂದು ಸಲಕ್ಕೆ 1000 ದಾಟುವಂತಿಲ್ಲ, ನೋವಾದಲ್ಲೂ ಡೀಫಾಲ್ಟ್ 1000.

ಅನುಮತಿಯ ಸೋಸುವಿಕೆ ಪೇಜ್ ಮಾಡುವ ಮೊದಲೇ, ಡೇಟಾಬೇಸ್ ಕ್ವೆರಿಯ ಒಳಗೇ ಆಗಬೇಕು. 50 ತೆಗೆದು ಆಮೇಲೆ ನಿನ್ನದಲ್ಲದ್ದು ಬಿಟ್ಟೆ ಅಂತ 3 ಕಳಿಸಿದರೆ ಬಳಸುವವರಿಗೆ ತಲೆನೋವು. ಬೇರೆಯವರ ವಿಎಂ ಗುರುತು ಹಾಕಿ ಕೇಳಿದರೆ 403 (ಅನುಮತಿ ಇಲ್ಲ) ಬೇಡ, 404 (ಅಂಥದ್ದು ಸಿಗಲಿಲ್ಲ) ಕೊಡಿ. ಇದೆ ಅನ್ನುವುದೂ ಒಂದು ಸುದ್ದಿಯೇ.

ತಪ್ಪು ಫಿಲ್ಟರ್ ಬಂದರೆ ಗದರಿ

ಸ್ಟೇಟಸ್ ಅಂತ ಇರಬೇಕಾದ ಕಡೆ ಯಾರೋ ಸ್ಟೇಟ್ ಅಂತ ಬರೆದರು. ನಿಮ್ಮ ಸರ್ವರ್ ಅದನ್ನು ಸುಮ್ನೆ ಬಿಟ್ಟುಬಿಟ್ಟರೆ ಏನಾಗುತ್ತದೆ? ಫಿಲ್ಟರ್ ಇಲ್ಲದ ಪೂರ್ತಿ ಪಟ್ಟಿ ಹೋಗುತ್ತದೆ. ಕೇಳಿದವರ ಸ್ಕ್ರಿಪ್ಟ್ ಆಫ್ ಆಗಿರುವ ವಿಎಂಗಳನ್ನು ಡಿಲೀಟ್ ಮಾಡುವಂಥದ್ದಾಗಿದ್ದರೆ ದೇವರೇ ಗತಿ. ಗೊತ್ತಿಲ್ಲದ ಹೆಸರು ಬಂದರೆ 400 ಕೊಡಿ, ಯಾವ ಹೆಸರು ಅರ್ಥವಾಗಲಿಲ್ಲ ಅಂತಲೂ ಹೇಳಿ. ನೋವಾ ಕೂಡ 2.75ರಿಂದ ಹೀಗೇ ಮಾಡುತ್ತದೆ. ಶುರುವಿನಲ್ಲೇ ಗದರಿದರೆ ಜನ ಒಗ್ಗಿಕೊಳ್ಳುತ್ತಾರೆ, ವರ್ಷ ಆದಮೇಲೆ ಗದರಿದರೆ ನಿಮ್ಮನ್ನೇ ಬೈಯುತ್ತಾರೆ.

ಬದಲಾವಣೆ ಕೇಳುವವರಿಗೆ ಬದಲಾದ ಸಮಯದ ಫಿಲ್ಟರ್ ಇದೆ ಅಂದೆನಲ್ಲ, ಅದರಲ್ಲಿ ಡಿಲೀಟ್ ಆದವೂ ಬರಬೇಕು. ಇಲ್ಲದಿದ್ದರೆ ಹೋದವು ಹೋದವು ಅಂತ ಅವರಿಗೆ ಗೊತ್ತಾಗುವುದೇ ಇಲ್ಲ. ಇಸಿ2ನಲ್ಲಿ ಟರ್ಮಿನೇಟ್ ಆದ ಮೆಷಿನ್ ಸ್ವಲ್ಪ ಹೊತ್ತು, ಸಾಮಾನ್ಯವಾಗಿ ಒಂದು ಗಂಟೆಯೊಳಗೆ, ಪಟ್ಟಿಯಲ್ಲೇ ಕಾಣುತ್ತಿರುತ್ತದೆ. ನಾವು ಏಳು ದಿನ ಇಟ್ಟೆವು. ಏಳು ದಿನಕ್ಕಿಂತ ಹಳೆಯ ಸಮಯ ಹಾಕಿ ಕೇಳಿದರೆ 410 (ಅದು ಹೋಯಿತು ಅನ್ನುವ ಕೋಡ್) ಕೊಟ್ಟು, ಪೂರ್ತಿ ಪಟ್ಟಿ ಮತ್ತೆ ತಗೊಳ್ಳಿ ಅನ್ನುತ್ತೇವೆ. ಕಂಟೇನರ್ ನಡೆಸುವ ಕುಬರ್ನೆಟೀಸಿನಿಂದ ಕದ್ದ ಐಡಿಯಾ ಇದು.

ಪರೀಕ್ಷೆಗೆ ನಿಜವಾದ ಹೋಸ್ಟ್ ಬೇಕಿಲ್ಲ. ಲಿಬ್‌ವರ್ಟಿನಲ್ಲೇ ಟೆಸ್ಟ್ ಅನ್ನುವ ನಕಲಿ ಡ್ರೈವರ್ ಇದೆ, ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ, ನಿಜವಾದ ವಿಎಂ ಒಂದೂ ಏಳುವುದಿಲ್ಲ. ನಾನು ಮಾಡಿದ್ದು ಇಷ್ಟು: ಡೇಟಾಬೇಸಿಗೆ 10,000 ಸುಳ್ಳು ವಿಎಂ ತುಂಬಿದೆ. ಒಂದು ಪ್ರೋಗ್ರಾಂ ಪೇಜ್ ಪೇಜಾಗಿ ಓದುತ್ತಿರುವಾಗ ಇನ್ನೊಂದು ಮನಸ್ಸಿಗೆ ಬಂದಂತೆ ಸೇರಿಸುತ್ತಾ, ಅಳಿಸುತ್ತಾ ಇತ್ತು. ಮೊದಲಿನಿಂದ ಕೊನೆಯವರೆಗೂ ಬದುಕಿದ್ದ ಪ್ರತಿ ವಿಎಂ ಒಂದೇ ಒಂದು ಸಲ ಬಂದಿರಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆಮೇಲೆ ಮಧ್ಯದಲ್ಲಿ ಒಂದು ಹೋಸ್ಟಿನ ನೆಟ್‌ವರ್ಕ್ ಕಿತ್ತೆ. ವಿಎಂ ಸಂಖ್ಯೆ ಕಡಿಮೆಯಾಗಬಾರದು, ಸಿಗದ ಹೋಸ್ಟ್‌ಗಳಲ್ಲಿ ಅದರ ಹೆಸರು ಬರಬೇಕು.

ಕ್ಲೀನಪ್ ಸ್ಕ್ರಿಪ್ಟಿಗೂ ಎರಡು ಸಾಲು ಸೇರಿಸಿದೆವು. ಟೋಕನ್ ಮುಗಿಯುವವರೆಗೂ ಎಲ್ಲ ಪೇಜ್ ಓದು, ಯಾವ ಪೇಜಿನಲ್ಲಾದರೂ ಸಿಗದ ಹೋಸ್ಟ್ ಇದ್ದರೆ ಯಾವ ಡಿಸ್ಕನ್ನೂ ಮುಟ್ಟದೆ ಮಲಗು. ಡಿಲೀಟ್ ಬದಲು ಮೂವ್ ಮಾಡುವುದನ್ನು ಮಾತ್ರ ನನ್ನ ಸಹೋದ್ಯೋಗಿ ಇವತ್ತಿಗೂ ಬಿಟ್ಟಿಲ್ಲ, ನಾನೂ ಬಿಡು ಅಂತ ಹೇಳಿಲ್ಲ.